ತಕ್ಕಡಿಗೆ ಮುದ್ರೆ ಉಂಟು, ಫೋನಿಗೆ ಮುದ್ರೆ ಒತ್ತೋರ್ಯಾರು?

"ಎಷ್ಟಪ್ಪಾ, ಗೊರಗುಂಟೆಪಾಳ್ಯಕ್ಕೆ?"

"ನಿಮ್ ಫೋನಲ್ಲಿ ಎಷ್ಟ್ ತೋರಿಸ್ತಿದೆ ಯಜಮಾನ್ರೇ?"

ಬೆಂಗಳೂರಿನ ಚಿಕ್ಕಪೇಟೆ ಬಾಯಲ್ಲಿ ಸಂಜೆ ಆರರ ಹೊತ್ತಿಗೆ ನಿಂತವರಿಗೆ ಈ ಸವಾಲು-ಜವಾಬು ಕಿವಿಗೆ ಬೀಳದೆ ಇರುವುದಿಲ್ಲ. ಕೇಳುವವರು ತುಮಕೂರು, ಗುಬ್ಬಿ, ಶಿರಾ ಕಡೆಯ ಅಂಗಡಿಕಾರರು. ಬೆಳಿಗ್ಗೆ ಬಸ್ಸು ಹತ್ತಿ ಬಂದು, ಮಾಮೂಲ್‌ಪೇಟೆಯಲ್ಲಿ ಬಳೆ-ಫ್ಯಾನ್ಸಿ ಸಾಮಾನು, ಅವೆನ್ಯೂ ರಸ್ತೆಯಲ್ಲಿ ನೋಟ್‌ಬುಕ್ಕು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವೈರು-ಸ್ವಿಚ್ಚು ಖರೀದಿ ಮಾಡಿ, ಎರಡು ಗಂಟು ಕಟ್ಟಿಸಿಕೊಂಡು ರಸ್ತೆ ಬದಿ ನಿಂತಿರುತ್ತಾರೆ. ಕೈ ಬೀಸಿಕೊಂಡು ಹೋಗುವವರಾಗಿದ್ದರೆ ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ತುಮಕೂರು ರಸ್ತೆಯಲ್ಲಿ ಇಳಿದು, ಊರಿನ ಬಸ್ಸು ಹಿಡಿಯಬಹುದಿತ್ತು. ದೊಡ್ಡ ಗಂಟು-ಮೂಟೆಯನ್ನು ಮೆಟ್ರೋದವರು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹೀಗಾಗಿ ಆಟೋನೇ ಗತಿ.

ಹಿಂದೆ ಈ ಪ್ರಶ್ನೆಗೆ ಉತ್ತರ ಎರಡೇ ಇತ್ತು. ಒಂದು, "ಮೀಟರ್ ಮೇಲೆ ಇಪ್ಪತ್ತು ಕೊಡಿ." ಇನ್ನೊಂದು, "ಆ ಕಡೆ ಬರಲ್ಲ." ಈಗ ಮೂರನೆಯದು ಹುಟ್ಟಿಕೊಂಡಿದೆ. ಗಿರಾಕಿಯ ಜೇಬಿನ ಫೋನು ಏನು ಬೆಲೆ ಹೇಳುತ್ತದೋ ಅದನ್ನೇ ಚಾಲಕ ವಾಪಸ್ಸು ಕೇಳುತ್ತಾನೆ. ಕೇಳಿ, ಅದರ ಮೇಲೆ ಹತ್ತೋ ಇಪ್ಪತ್ತೋ ಏರಿಸಿ ಹೇಳುತ್ತಾನೆ. ಸರ್ಕಾರ ಮುದ್ರೆ ಒತ್ತಿ ಕೊಟ್ಟ ಮೀಟರು ದೇವರ ಪಟದ ಪಕ್ಕ ತೆಪ್ಪಗೆ ಕೂತಿರುತ್ತದೆ. ಅದನ್ನು ಚಾಲಕನೂ ನೋಡುವುದಿಲ್ಲ, ಗಿರಾಕಿಯೂ ನೋಡುವುದಿಲ್ಲ.

ಒಂದೇ ಸಾಲಿನ ಇಬ್ಬರು ಅಂಗಡಿಕಾರರು ಒಂದೇ ಜಾಗದಲ್ಲಿ ನಿಂತು, ಒಂದೇ ಊರಿನ ಬಸ್ಸಿಗೆ ಹೊರಟು, ತಮ್ಮ ತಮ್ಮ ಫೋನು ತೆಗೆದು ನೋಡಿದರೆ ಎರಡರಲ್ಲೂ ಒಂದೇ ಬೆಲೆ ಇರಬೇಕು ತಾನೆ? ಇರುವುದಿಲ್ಲ ಎಂಬ ದೂರು ದೇಶದ ತುಂಬ ಎದ್ದು, ಕಡೆಗೆ ದೆಹಲಿಗೂ ಮುಟ್ಟಿತು. 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಓಲಾ, ಊಬರ್ ಎರಡೂ ಕಂಪನಿಗಳಿಗೆ ನೋಟೀಸು ಕೊಟ್ಟಿತು. ಆ್ಯಂಡ್ರಾಯ್ಡ್ ಫೋನಿನವರಿಗೆ ಒಂದು ಬೆಲೆ, ಐಫೋನಿನವರಿಗೆ ಇನ್ನೊಂದು ಬೆಲೆ ಹೇಳುತ್ತೀರಂತೆ, ನಿಜವೇ ಎಂಬುದು ಪ್ರಶ್ನೆ. ಆ ಖಾತೆಯ ಸಚಿವರು ಧಾರವಾಡದ ಪ್ರಲ್ಹಾದ ಜೋಶಿಯವರೇ. ಹಾಗೇನೂ ಇಲ್ಲ, ಫೋನು ನೋಡಿ ಬೆಲೆ ಹಾಕುವ ಪದ್ಧತಿಯೇ ಇಲ್ಲ ಎಂದು ಕಂಪನಿಗಳು ಹೇಳಿದವು.

ಇರಬಹುದು. ಅವರ ಮಾತು ನಿಜವೇ ಇರಬಹುದು. ಆದರೆ ನಿಜವೋ ಸುಳ್ಳೋ ಅಂತ ಚಿಕ್ಕಪೇಟೆಯಲ್ಲಿ ಗಂಟು ಹಿಡಿದು ನಿಂತವನು ನೋಡುವುದು ಹೇಗೆ? ಇಡೀ ತಕರಾರಿನ ಗಂಟು ಇರುವುದು ಇಲ್ಲಿ.

ತಕ್ಕಡಿಯ ನ್ಯಾಯ

ಅಂಗಡಿ ಇಟ್ಟವರಿಗೆ ಮುದ್ರೆಯ ವಿಚಾರ ಹೊಸದಾಗಿ ಹೇಳಬೇಕಾಗಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆ, ಅಂದರೆ ಹಳಬರ ಬಾಯಲ್ಲಿ ಇನ್ನೂ "ತೂಕ-ಅಳತೆಯವರು", ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ, ತೂಕದ ಕಲ್ಲನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕುತ್ತಾರೆ. ಮುದ್ರೆಯ ವಾಯಿದೆ ತೀರಿದ ತಕ್ಕಡಿ ಇಟ್ಟುಕೊಂಡರೆ ತೂಕ ಸರಿ ಇದ್ದರೂ ಕೇಸು. ಕಡಲೆಬೀಜ ಮಾರುವ ಮುದುಕಿಗೂ ಈ ಕಾನೂನು ತಪ್ಪಿದ್ದಲ್ಲ. ಪೊಟ್ಟಣದ ಮಾಲಾದರೆ ಅದರ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರಬೇಕು, ಅದರ ಮೇಲೆ ಒಂದು ರೂಪಾಯಿ ತೆಗೆದುಕೊಂಡರೂ ತಪ್ಪು.

ಆಟೋ ಮೀಟರಿಗೂ ಅದೇ ಇಲಾಖೆ, ಅದೇ ಮುದ್ರೆ, ವರ್ಷಕ್ಕೊಮ್ಮೆ. ದರ ಹಾಕುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರ. ಬೆಂಗಳೂರಿನಲ್ಲಿ 2021ರ ಡಿಸೆಂಬರಿನಿಂದ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15 ಇತ್ತು. 2025ರ ಆಗಸ್ಟ್ 1ರಿಂದ ಅದು 36 ಮತ್ತು 18 ಆಯಿತು. ಹೊಸ ದರಕ್ಕೆ ಮೀಟರ್ ತಿದ್ದಿಸಿ ಮುದ್ರೆ ಹಾಕಿಸಿಕೊಳ್ಳಿ ಎಂದು ಚಾಲಕರಿಗೆ ಅಕ್ಟೋಬರ್ ಕೊನೆಯ ತನಕ ಗಡುವು ಕೊಟ್ಟರು. ಆ ದರದಲ್ಲಿ ಏಳು ಕಿಲೋಮೀಟರಿಗೆ ಲೆಕ್ಕ ಹಾಕಿದರೆ 126 ರೂಪಾಯಿ. ಪೆನ್ನು ಬೇಡ, ಕಾಗದ ಬೇಡ, ಬೆರಳು ಮಡಿಚಿ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮೀಟರ್ ಓಡಿತು ಅನ್ನಿಸಿದರೆ ದೂರು ಕೊಡಬಹುದು, ಇನ್‌ಸ್ಪೆಕ್ಟರು ಮುದ್ರೆ ಒಡೆದಿದೆಯೋ ಇಲ್ಲವೋ ಕಣ್ಣಲ್ಲೇ ನೋಡಬಹುದು.

ಫೋನಿಗೆ ಈ ಯಾವ ಮುದ್ರೆಯೂ ಇಲ್ಲ. ದೂರ ಅಳೆಯುವುದು ಆಕಾಶದ ಉಪಗ್ರಹ, ಬೆಲೆ ಕಟ್ಟುವುದು ಎಲ್ಲೋ ಇರುವ ಕಂಪ್ಯೂಟರು. ಮಳೆ ಬಂತಾ, ಗಿರಾಕಿ ಎಷ್ಟು ಮಂದಿ, ಆಟೋ ಎಷ್ಟು ಹತ್ತಿರ ಇವೆ ಎಂಬುದನ್ನೆಲ್ಲ ಅದು ಕ್ಷಣಕ್ಕೊಮ್ಮೆ ಕೂಡಿ ಕಳೆಯುತ್ತದೆ. ಕೂಡಿ ಕಳೆದ ಲೆಕ್ಕ ಮಾತ್ರ ಯಾರಿಗೂ ಕಾಣುವುದಿಲ್ಲ, ಕಾಣುವುದು ಕೊನೆಯ ಮೊತ್ತ ಒಂದೇ. ಅಂಗಡಿಯವನು ಸಾಮಾನನ್ನು ಒಳಗಿನ ಕೋಣೆಗೆ ಒಯ್ದು, ಪರದೆ ಎಳೆದುಕೊಂಡು ತೂಗಿ, ಹೊರಗೆ ಬಂದು "ನೂರೆಪ್ಪತ್ತು ಕೊಡಿ" ಅಂದ ಹಾಗೆ.

ಆದರೂ ಗೆದ್ದದ್ದು ಫೋನೇ

ಹಾಗಂತ ಮೀಟರಿನ ಕಾಲ ಸುವರ್ಣ ಕಾಲವಾಗಿತ್ತು ಅಂತ ಯಾರಾದರೂ ಹೇಳಿದರೆ ಅವರು ರಾತ್ರಿ ಹನ್ನೊಂದಕ್ಕೆ ಯಶವಂತಪುರ ಸ್ಟೇಷನ್ನಿನಲ್ಲಿ ರೈಲು ಇಳಿದವರಲ್ಲ. "ಒನ್ ಅಂಡ್ ಹಾಫ್" ಕಾನೂನಿನ ಪ್ರಕಾರ ರಾತ್ರಿ ಹತ್ತರ ನಂತರ, ಆದರೆ ಬಾಯಲ್ಲಿ ಶುರುವಾಗುತ್ತಿದ್ದದ್ದು ಎಂಟಕ್ಕೆ. ಆಸ್ಪತ್ರೆಗೆ ಬಂದ ಹಳ್ಳಿಯವರು, ದಾರಿ ಗೊತ್ತಿಲ್ಲದವರು ಸಿಕ್ಕರೆ ಕೇಳಿದ್ದೇ ದರ. ಹತ್ತು ಆಟೋ ನಿಲ್ಲಿಸಿ ಹತ್ತು ಸಲ ಇಲ್ಲ ಅನ್ನಿಸಿಕೊಂಡ ಜನಕ್ಕೆ, ಬೆರಳಲ್ಲಿ ಒತ್ತಿದರೆ ಬಾಗಿಲ ಮುಂದೆ ಗಾಡಿ ಬರುತ್ತದೆ, ಚಾಲಕನ ಹೆಸರು ಕಾಣುತ್ತದೆ, ಗಾಡಿ ಎಲ್ಲಿದೆ ಅಂತ ಮನೆಯವರಿಗೆ ಕಳಿಸಬಹುದು ಅಂದರೆ ಅದು ವರವೇ. ಒಂಟಿ ಹೆಣ್ಣುಮಕ್ಕಳಿಗಂತೂ ಇದು ದೊಡ್ಡ ಧೈರ್ಯ.

ಚಾಲಕರಿಗೂ ಅನುಕೂಲವಾಯಿತು. ಪೀಣ್ಯದ ಕಡೆ ಗಿರಾಕಿ ಬಿಟ್ಟು ಖಾಲಿ ಬರುತ್ತಿದ್ದವನಿಗೆ ವಾಪಸ್ಸು ಬಾಡಿಗೆ ಸಿಗತೊಡಗಿತು. ಊಬರ್ ಈ ದೇಶದಲ್ಲಿ ಮೊದಲು ಕಾಲಿಟ್ಟದ್ದೇ ಬೆಂಗಳೂರಿನಲ್ಲಿ, 2013ರಲ್ಲಿ. ಮುಂಬಯಿಯಲ್ಲಿ 2010ರಲ್ಲಿ ಹುಟ್ಟಿದ ಓಲಾ ಕೂಡ ಬೆಂಗಳೂರನ್ನೇ ಮನೆ ಮಾಡಿಕೊಂಡಿತು. ಶುರುವಿನಲ್ಲಿ ಗಿರಾಕಿಗೆ ರಿಯಾಯಿತಿ, ಚಾಲಕನಿಗೆ ಬೋನಸ್ಸು. ಹೊಸ ಅಂಗಡಿ ತೆರೆದವರು ಮೊದಲ ತಿಂಗಳು ಸಕ್ಕರೆಯನ್ನು ಕೊಂಡ ಬೆಲೆಗೇ ಮಾರುವುದಿಲ್ಲವೇ, ಅದೇ ವ್ಯಾಪಾರ. ಪಕ್ಕದ ಅಂಗಡಿ ಬಾಗಿಲು ಹಾಕಿದ ಮೇಲೆ ಏನಾಗುತ್ತದೆ ಎಂಬುದು ಪೇಟೆಯವರಿಗೆ ಗೊತ್ತಿರುವ ಕತೆ.

ಸರ್ಕಾರ 2016ರಲ್ಲಿ ನಿಯಮ ಮಾಡಿತು. ಇಂಥ ಕಂಪನಿಗಳು ಲೈಸೆನ್ಸು ತೆಗೆದುಕೊಳ್ಳಬೇಕು, ಸರ್ಕಾರ ಹಾಕಿದ ದರ ಮೀರಬಾರದು ಎಂದು ಬರೆಯಿತು. ಬರೆದದ್ದು ಟ್ಯಾಕ್ಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆಟೋ ಅದರೊಳಗೆ ಬರುತ್ತದೋ ಇಲ್ಲವೋ ಎಂಬ ಜಗಳ ಆರು ವರ್ಷ ಬಿಟ್ಟು ಸ್ಫೋಟವಾಯಿತು. 2022ರ ಅಕ್ಟೋಬರಿನಲ್ಲಿ, 30 ರೂಪಾಯಿ ಕನಿಷ್ಠ ದರ ಇರುವ ಕಡೆ 100 ರೂಪಾಯಿ ಕೀಳುತ್ತಿದ್ದಾರೆ ಎಂದು ಜನ ರೊಚ್ಚಿಗೆದ್ದರು. ಸಾರಿಗೆ ಇಲಾಖೆ ಓಲಾ, ಊಬರ್, ರಾಪಿಡೋಗಳಿಗೆ ಆಟೋ ಸೇವೆ ನಿಲ್ಲಿಸಿ ಅಂತ ನೋಟೀಸು ಜಾರಿ ಮಾಡಿತು. ಅವರು ಹೈಕೋರ್ಟಿಗೆ ಹೋದರು. ಕೊನೆಗೆ ನವೆಂಬರ್ 25ರಂದು ಸರ್ಕಾರ ಒಂದು ಲೆಕ್ಕ ಕೊಟ್ಟಿತು: ನಿಗದಿತ ದರದ ಮೇಲೆ ಸೇವಾ ಶುಲ್ಕ ಶೇಕಡ 5, ಜತೆಗೆ ಜಿ.ಎಸ್.ಟಿ. 2024ರ ಮೇ ತಿಂಗಳಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠವೂ ಇದನ್ನು ಎತ್ತಿಹಿಡಿಯಿತು.

ಶೇಕಡ 5 ಅಂದರೆ 126 ರೂಪಾಯಿಗೆ ಆರು ರೂಪಾಯಿ ಮೂವತ್ತು ಪೈಸೆ. ಕಾಗದದ ಮೇಲೆ ಗಿರಾಕಿ ಗೆದ್ದ ಹಾಗೇ.

ಸಂತೆ ಸುಂಕದ ಹೊಸ ರೂಪ

ಆದರೆ ಕಾನೂನು ಬಂದು ಬಾಗಿಲು ತಟ್ಟುವ ಹೊತ್ತಿಗೆ ವ್ಯಾಪಾರ ಹಿತ್ತಿಲ ಬಾಗಿಲಿನಿಂದ ಆಚೆ ಹೋಗಿತ್ತು.

2022ರ ನವೆಂಬರ್ 1ರಂದು, ಈ ಗಲಾಟೆಯ ನಡುವೆಯೇ, ಆಟೋ ಚಾಲಕರ ಸಂಘವೂ ಜಸ್‌ಪೇ ಎಂಬ ಬೆಂಗಳೂರಿನ ಕಂಪನಿಯೂ ಕೂಡಿ "ನಮ್ಮ ಯಾತ್ರಿ" ಶುರು ಮಾಡಿದವು. ಚಾಲಕನ ಸಂಪಾದನೆಯಲ್ಲಿ ಕಮಿಷನ್ ಬೇಡವೇ ಬೇಡ ಅಂತ ಅವರ ಘೋಷಣೆ. ಮುಂದೆ ದಿನಕ್ಕೆ 25 ರೂಪಾಯಿ ಕಟ್ಟಿ ಎಷ್ಟು ಬಾಡಿಗೆ ಬೇಕಾದರೂ ಓಡಿಸಿಕೊಳ್ಳಿ ಎಂಬ ಪದ್ಧತಿ ತಂದರು. ಚಾಲಕರು ಸಾಲು ಸಾಲಾಗಿ ಆ ಕಡೆ ವಾಲಿದರು. ಬೇರೆ ಕಂಪನಿಗಳೂ ದಾರಿ ಬದಲಾಯಿಸಿದವು. 2025ರ ಫೆಬ್ರವರಿಯಲ್ಲಿ ಊಬರ್ ತನ್ನ ಆಟೋಗಳಿಗೆ ಕಮಿಷನ್ ಕೈಬಿಟ್ಟು ದಿನದ ಶುಲ್ಕಕ್ಕೆ ಬಂತು. ಅದೇ ವರ್ಷ ಜೂನಿನಲ್ಲಿ ಓಲಾ ಕೂಡ ಅದೇ ದಾರಿ ಹಿಡಿಯಿತು.

ಇದು ಸಂತೆ ಸುಂಕದ ಲೆಕ್ಕ. ಮೊದಲು ಮಾರಿದ ಮೂಟೆಗಿಷ್ಟು ಅಂತ ಸುಂಕ ಎತ್ತುತ್ತಿದ್ದ ಗುತ್ತಿಗೆದಾರ, ಈಗ ಕೂರುವ ಜಾಗಕ್ಕೆ ದಿನಕ್ಕಿಷ್ಟು ಅಂತ ಎತ್ತುತ್ತಾನೆ. ಮಾರುವವನಿಗೆ ಇದರಿಂದ ಲಾಭವೇ. ಆದರೆ ಮೂಟೆಗಿಷ್ಟು ಅನ್ನುವ ಕಾಲದಲ್ಲಿ ಮೂಟೆ ಎಷ್ಟಕ್ಕೆ ಹೋಯಿತು ಎಂಬ ಲೆಕ್ಕ ಗುತ್ತಿಗೆದಾರನ ಪುಸ್ತಕದಲ್ಲಾದರೂ ಇರುತ್ತಿತ್ತು. ಜಾಗದ ಬಾಡಿಗೆ ಬಂದ ಮೇಲೆ "ಎಷ್ಟಕ್ಕೆ ಮಾರಿದೆ ಅನ್ನೋದು ನನಗೆ ಸಂಬಂಧವಿಲ್ಲ" ಅಂತ ಆತ ಕೈ ತೊಳೆದುಕೊಳ್ಳುತ್ತಾನೆ. ಊಬರ್ ಹೇಳಿದ್ದೂ ಅದೇ ಧಾಟಿಯ ಮಾತು: ಪರದೆ ಮೇಲೆ ಕಾಣುವುದು ಸೂಚಿತ ದರ ಮಾತ್ರ, ಕೊನೆಗೆ ಎಷ್ಟು ಎಂಬುದು ಗಿರಾಕಿಗೂ ಚಾಲಕನಿಗೂ ಬಿಟ್ಟದ್ದು, ದುಡ್ಡು ನೇರ ಚಾಲಕನ ಕೈಗೆ.

ಸೇವಾ ಶುಲ್ಕಕ್ಕೆ ಶೇಕಡ 5ರ ಬೇಲಿ ಹಾಕಿದರು. ಸೇವಾ ಶುಲ್ಕವೇ ಇಲ್ಲದಾಯಿತು. ಈಗ ಬೇಲಿ ಇದೆ, ಒಳಗೆ ಹೊಲ ಇಲ್ಲ.

ಹಾಗಾದರೆ ಏರಿಕೆ ಎಲ್ಲಿ ಹೋಯಿತು? "ಟಿಪ್ಸ್" ಎಂಬ ಹೆಸರಿನಲ್ಲಿ ಕೂತಿದೆ. ಗಾಡಿ ಬರುವ ಮೊದಲೇ ಹತ್ತು, ಇಪ್ಪತ್ತು, ಮೂವತ್ತು ಸೇರಿಸಿ ಎಂದು ಪರದೆ ಕೇಳುತ್ತದೆ. ಸೇರಿಸದವನ ಕರೆ ಯಾವ ಆಟೋದವನಿಗೂ ರುಚಿಸುವುದಿಲ್ಲ. ಹೋಟೆಲಿನಲ್ಲಿ ಊಟ ಮಾಡಿ ಎದ್ದ ಮೇಲೆ ಕೊಡುವುದು ಟಿಪ್ಸ್, ಊಟಕ್ಕೆ ಕೂರಿಸುವ ಮೊದಲೇ ಕೇಳುವುದಕ್ಕೆ ಪೇಟೆಯಲ್ಲಿ ಬೇರೆ ಹೆಸರಿದೆ: ಹರಾಜು. 2025ರ ಮೇನಲ್ಲಿ ಈ ಮುಂಗಡ ಟಿಪ್ಸ್ ಬಗ್ಗೆ ಗ್ರಾಹಕ ರಕ್ಷಣಾ ಪ್ರಾಧಿಕಾರ ಊಬರ್‌ಗೆ ನೋಟೀಸು ಕೊಟ್ಟಿತು. ಇದು ಅನೈತಿಕ ಎಂದು ಸಚಿವ ಜೋಶಿ ಹೇಳಿದರು. ಆಗಸ್ಟಿನಲ್ಲಿ ರಾಪಿಡೋಗೆ, ಐದು ನಿಮಿಷದಲ್ಲಿ ಆಟೋ ಬರದಿದ್ದರೆ 50 ರೂಪಾಯಿ ಎಂಬ ಜಾಹೀರಾತಿಗಾಗಿ, ಹತ್ತು ಲಕ್ಷ ದಂಡ ಬಿತ್ತು. ನೋಟೀಸಿಗೆ ಬರವಿಲ್ಲ.

ಕಾಗದಕ್ಕೂ ಬರವಿಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಟ್ಯಾಕ್ಸಿಗಳಿಗೆಲ್ಲ ಏಕರೂಪದ ದರ ಹಾಕಿತು. ಹತ್ತು ಲಕ್ಷದೊಳಗಿನ ಗಾಡಿಗೆ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ನಂತರ ಕಿಲೋಮೀಟರಿಗೆ 24. 2025ರ ಜುಲೈಯಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಗಿರಾಕಿ ಜಾಸ್ತಿ ಇರುವ ಹೊತ್ತು ಮೂಲ ದರದ ಎರಡು ಪಟ್ಟಿನ ತನಕ ಏರಿಸಬಹುದು ಎಂದು ಅದು ಹೇಳುತ್ತದೆ, ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟದ್ದು. ಬೆಂಗಳೂರಿನ ಕಾಗದ ಒಂದು ಥರ, ದೆಹಲಿಯ ಕಾಗದ ಇನ್ನೊಂದು ಥರ. ಸಂಜೆ ಆರಕ್ಕೆ ಗಂಟು ಹಿಡಿದು ನಿಂತವನು ಎರಡನ್ನೂ ಓದಿರುವುದಿಲ್ಲ.

ಜೂನಿನ ಪಾಠ

2025ರ ಜೂನಿನಲ್ಲಿ ಈ ಗೊಂದಲ ಚೆನ್ನಾಗಿ ಬಯಲಿಗೆ ಬಿತ್ತು. ಹೈಕೋರ್ಟಿನ ಏಪ್ರಿಲ್ ಆದೇಶದ ಮೇಲೆ ಜೂನ್ 16ರಿಂದ ಬೈಕ್ ಟ್ಯಾಕ್ಸಿಗಳು ನಿಂತವು. ಕಂಪನಿಗಳು ಮೇಲ್ಮನವಿ ಹಾಕಿಕೊಂಡವು. ಬೈಕ್ ಟ್ಯಾಕ್ಸಿ ಸರಿಯೋ ತಪ್ಪೋ ಎಂಬುದು ಬೇರೆಯೇ ಪುರಾಣ. ಅದನ್ನು ನಂಬಿ ಮೆಟ್ರೋ ಸ್ಟೇಷನ್ನಿನಿಂದ ಕಾರ್ಖಾನೆಗೆ ಹೋಗುತ್ತಿದ್ದ ಹುಡುಗರು, ಅದನ್ನೇ ಓಡಿಸಿ ಹೊಟ್ಟೆ ಹೊರೆಯುತ್ತಿದ್ದ ಹುಡುಗರು, ಇಬ್ಬರೂ ಒಂದೇ ದಿನ ಬೀದಿಯಲ್ಲಿ ನಿಂತರು. ಆಟೋಗೆ ಬೇಡಿಕೆ ಏರಿತು, ಫೋನಿನಲ್ಲಿ ಬೆಲೆಯೂ ಏರಿತು ಅಂತ ದೂರುಗಳು ಬಂದವು. ತಿಂಗಳ ಕೊನೆಗೆ ಸಾರಿಗೆ ಸಚಿವರು ಸುಲಿಗೆ ಮಾಡುವ ಆಟೋಗಳ ಮೇಲೆ ಕ್ರಮ ಕೈಗೊಳ್ಳಿ ಎಂದರು. ಆರ್.ಟಿ.ಓ.ದವರು ರಸ್ತೆಗಿಳಿದು ಆಟೋ ಹಿಡಿದು ಹಾಕಿದರು.

ಆಟೋಗೆ ನಂಬರ್ ಪ್ಲೇಟು ಇದೆ, ಹಿಡಿಯಬಹುದು. ಬೆಲೆ ಕಟ್ಟಿದ ಕಂಪ್ಯೂಟರಿಗೆ ನಂಬರ್ ಪ್ಲೇಟು ಎಲ್ಲಿದೆ? ಸಿಕ್ಕಿಬಿದ್ದವನು ಸಾಲ ಮಾಡಿ ಗಾಡಿ ತೆಗೆದುಕೊಂಡ ಚಾಲಕ. ಆತನ ತಪ್ಪಿಲ್ಲ ಅಂತಲ್ಲ. ಫೋನಿನ ಬೆಲೆ ಕೇಳಿ ಹತ್ತು ಏರಿಸುವವನು ಅವನೇ ತಾನೆ. ಆದರೆ ಗ್ಯಾಸಿನ ಬೆಲೆ, ಎಫ್.ಸಿ., ವಿಮೆ, ಸಾಲದ ಕಂತು ಲೆಕ್ಕ ಹಾಕಿದರೆ ಆತನೂ ಪರದೆಯ ಆಚೆ ನಿಂತ ಗಿರಾಕಿಯೇ. ಇಂದು ಸಂಜೆ ಅವನಿಗೆ ಯಾವ ಬಾಡಿಗೆ ತೋರಿಸಬೇಕು, ಯಾವುದನ್ನು ಪಕ್ಕದವನಿಗೆ ತೋರಿಸಬೇಕು ಎಂಬುದನ್ನೂ ಅದೇ ಯಂತ್ರ ತೀರ್ಮಾನ ಮಾಡುತ್ತದೆ. ಅದರ ಕಾರಣ ಅವನಿಗೂ ಗೊತ್ತಿಲ್ಲ. ಇಂಥ ಕೆಲಸಗಾರರ ಭದ್ರತೆಗೆ ರಾಜ್ಯ ಸರ್ಕಾರ 2025ರಲ್ಲಿ ಕಾಯ್ದೆ ತಂದು, ಪ್ರತಿ ವ್ಯವಹಾರದ ಮೇಲೆ ಶೇಕಡ 1ರಿಂದ 5ರ ತನಕ ಕಲ್ಯಾಣ ಶುಲ್ಕ ಎತ್ತಬಹುದು ಎಂದಿದೆ. ಒಳ್ಳೆಯದೇ. ಆ ಶುಲ್ಕ ಸುತ್ತಿ ಬಳಸಿ ಯಾರ ಜೇಬಿಗೆ ಬರುತ್ತದೆ ಎಂಬುದನ್ನು ಕಾದು ನೋಡಬೇಕು.

ಎಲ್ಲರಿಗೂ ಕಂಡ ಬೆಲೆ

ಇದೇ ಫೋನು, ಇದೇ ಚೌಕುಳಿ ಚೀಟಿಯ ಕ್ಯೂಆರ್ ಕೋಡು ಬಸ್ಸಿಗೂ ಮೆಟ್ರೋಗೂ ಬಂದಿದೆ. ಅಲ್ಲಿ ಈ ಗೋಳಿಲ್ಲ. ಏಕೆ ಎಂಬುದನ್ನು ಯೋಚಿಸಬೇಕು.

ನಮ್ಮ ಮೆಟ್ರೋ 2022ರ ನವೆಂಬರಿನಿಂದ ವಾಟ್ಸ್‌ಆ್ಯಪಿನಲ್ಲೇ ಟಿಕೆಟ್ ಕೊಡುತ್ತಿದೆ. ಮಾದಾವರದ ತನಕ ಹಸಿರು ಮಾರ್ಗ ಬಂದದ್ದು 2024ರ ನವೆಂಬರಿನಲ್ಲಿ. ತುಮಕೂರಿನಿಂದ ಹೋಗುವವರು ನೆಲಮಂಗಲ ದಾಟಿದ ಕೂಡಲೇ ಇಳಿದು, ಬಸ್ಸಿನಲ್ಲಿ ಕೂತಾಗಲೇ ತೆಗೆದ ಟಿಕೆಟನ್ನು ಗೇಟಿಗೆ ತೋರಿಸಿ, ಜಾಲಹಳ್ಳಿ-ಪೀಣ್ಯದ ನೂಕುನುಗ್ಗಲಿನ ಮೇಲೆ ತೇಲಿಕೊಂಡು ಹೋಗುತ್ತಾರೆ. ಹತ್ತು ಕಿಲೋಮೀಟರ್ ದಾಟಲು ಬೆಂಗಳೂರಿನಲ್ಲಿ 2024ರಲ್ಲಿ ಸರಾಸರಿ 34 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು ಅಂತ ಹೇಳಿದ್ದು ಆಮ್‌ಸ್ಟರ್‌ಡ್ಯಾಮಿನ ಟಾಮ್‌ಟಾಮ್ ಕಂಪನಿ. ತುಮಕೂರು ರಸ್ತೆಯಲ್ಲಿ ಬಸ್ಸು ಎಷ್ಟು ಹೊತ್ತು ನಿಂತಿತು ಎಂಬುದು ಇಲ್ಲಿನ ಪಾಲಿಕೆಗಿಂತ ಸಾವಿರಾರು ಮೈಲಿ ಆಚೆಯವರಿಗೆ ಚೆನ್ನಾಗಿ ಗೊತ್ತು. ಅದೂ ಒಂದು ಸೋಜಿಗ, ಇರಲಿ.

ಸಾರಿಗೆ ಸಂಸ್ಥೆಯ ಬಸ್ಸಿನ ಮಾತು. ಎಷ್ಟು ವರ್ಷದ ಚಿಲ್ಲರೆ ಜಗಳ ಅದು! ಟಿಕೆಟಿನ ಬೆನ್ನ ಮೇಲೆ "ಕೊಡಬೇಕು 7" ಅಂತ ಕಂಡಕ್ಟರು ಗೀಚಿ ಕೊಟ್ಟ ಚೀಟಿ ಹಿಡಿದು, ಇಳಿಯುವ ಅವಸರದಲ್ಲಿ ಮರೆತು ಬಂದ ಏಳು ರೂಪಾಯಿಗಳನ್ನೆಲ್ಲ ಕೂಡಿಸಿದ್ದರೆ ಒಬ್ಬೊಬ್ಬ ದಿನದ ಪ್ರಯಾಣಿಕನೂ ಒಂದು ಸೈಕಲ್ ತೆಗೆದುಕೊಳ್ಳಬಹುದಿತ್ತು. 2024ರ ಕೊನೆಯಿಂದ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಲ್ಲಿ ಟಿಕೆಟ್ ಯಂತ್ರದ ಪರದೆಯನ್ನೇ ಫೋನಿಗೆ ತೋರಿಸಿ ದುಡ್ಡು ಕಟ್ಟುವ ಹಾಗಾಯಿತು. ಕಟ್ಟಿದ ದುಡ್ಡು ಕಟ್ಟಿದಷ್ಟೇ. ನೆಟ್‌ವರ್ಕ್ ಸಿಗದ ಕಡೆ ಹತ್ತು ನಿಮಿಷ ಫೋನು ಎತ್ತಿ ಹಿಡಿದು ನಿಲ್ಲಬೇಕು, ಅಷ್ಟೇ ಕಷ್ಟ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟು, ಅವರಿಗೆ ಈ ಕಷ್ಟವೂ ಇಲ್ಲ.

ಈ ಎರಡರಲ್ಲೂ ದರ ಏರಿಲ್ಲವೇ? ಏರಿದೆ, ಅದೂ ಜೋರಾಗಿಯೇ. 2025ರ ಜನವರಿ 5ರಿಂದ ಬಸ್ ದರ ಶೇಕಡ 15 ಏರಿತು. ಫೆಬ್ರವರಿ 9ರಿಂದ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು, ಕೆಲವು ಸ್ಟೇಷನ್ನುಗಳ ನಡುವೆ ದುಪ್ಪಟ್ಟೇ ಆಯಿತು. ಆಗ ಆದದ್ದೇನು? ಮರುದಿನವೇ ಜನ ಬೊಬ್ಬೆ ಹೊಡೆದರು. ಪತ್ರಿಕೆಗಳಲ್ಲಿ ಪಟ್ಟಿ ಬಂತು: ಇಲ್ಲಿಂದ ಅಲ್ಲಿಗೆ ನಿನ್ನೆ ಇಷ್ಟು, ಇವತ್ತು ಇಷ್ಟು. ಮುಖ್ಯಮಂತ್ರಿಗಳೂ ಮಾತಾಡಬೇಕಾಯಿತು. ಒಂದು ವಾರದೊಳಗೆ ಮೆಟ್ರೋದವರು ಅತಿಯಾದ ಕಡೆ ಏರಿಕೆಯನ್ನು ಶೇಕಡ 71ಕ್ಕೆ ಮಿತಿ ಮಾಡಿ ಸ್ವಲ್ಪ ಕೆಳಗಿಳಿಸಿದರು. ಅದೂ ಸಾಲದು ಅಂತ ಜಗಳ ನಡೆಯಿತು. ನಡೆಯಲಿ. ಜಗಳ ಆಡುವುದಕ್ಕೆ ಎಲ್ಲರ ಕೈಯಲ್ಲೂ ಒಂದೇ ಅಂಕಿ ಇತ್ತು.

ಮಳೆ ಬಂದ ಸಂಜೆ ಫೋನಿನಲ್ಲಿ ಆಟೋ ಬೆಲೆ 126ರ ಬದಲು 210 ಅಂತ ಬಂದರೆ ಯಾರು ಬೊಬ್ಬೆ ಹೊಡೆಯುತ್ತಾರೆ? ಪಕ್ಕದವನಿಗೆ 190, ಆಚೆಯವಳಿಗೆ 225. ಐದು ನಿಮಿಷ ಬಿಟ್ಟು ನೋಡಿದರೆ ಮೂವರಿಗೂ ಬೇರೆ. ಮೂವರೂ ಒಂದೇ ನೆರಳಿನಡಿ ನಿಂತು ಮೂರು ಪರದೆ ನೋಡುತ್ತಿರುತ್ತಾರೆ. ನಾಳೆ ಬೆಳಿಗ್ಗೆ ಆ ಅಂಕಿ ಎಲ್ಲೂ ಇರುವುದಿಲ್ಲ. ಪತ್ರಿಕೆಗೆ ಹಾಕಲು ಪಟ್ಟಿ ಇಲ್ಲ, ಶಾಸಕರಿಗೆ ಕೊಡಲು ಮನವಿ ಇಲ್ಲ, ಧರಣಿ ಕೂರಲು ಕಚೇರಿ ಇಲ್ಲ. ಬಸ್ ದರ ಏರಿದಾಗ ಬಸ್ ಸ್ಟ್ಯಾಂಡಿನಲ್ಲಿ ಸೇರುತ್ತಿದ್ದ ಜನವನ್ನು ಫೋನು ಒಬ್ಬೊಬ್ಬರನ್ನಾಗಿ ಬಿಡಿಸಿ ನಿಲ್ಲಿಸಿದೆ.

ಯಾರ ಪುಸ್ತಕ ತೆರೆದಿದೆ?

ಸರ್ಕಾರಕ್ಕೆ ಫೋನಿನೊಳಗೆ ಇಣುಕಲು ಬರುವುದಿಲ್ಲ ಅಂತ ಯಾರೂ ತಿಳಿಯಬೇಕಾಗಿಲ್ಲ. ಚೆನ್ನಾಗಿ ಬರುತ್ತದೆ. 2025ರ ಜುಲೈಯನ್ನು ಅಂಗಡಿಕಾರರು ಮರೆತಿರಲಾರರು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟೀಸುಗಳು ಬಂದವು. ನಾಲ್ಕು ವರ್ಷದ ಯು.ಪಿ.ಐ. ಜಮೆಯನ್ನು ಪೈಸೆ ಸಮೇತ ಕೂಡಿಸಿ, ಸರಕಿನ ವ್ಯಾಪಾರಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದ್ದೀರಿ, ಜಿ.ಎಸ್.ಟಿ. ಯಾಕೆ ಕಟ್ಟಿಲ್ಲ ಎಂದು ಪ್ರಶ್ನೆ. ಮಗನ ಫೀಸಿಗೆ ನೆಂಟರು ಹಾಕಿದ ದುಡ್ಡೂ, ಹಾಲು-ತರಕಾರಿಯ ದುಡ್ಡೂ ಒಂದೇ ರಾಶಿ. ಗಲ್ಲಾಪೆಟ್ಟಿಗೆ ಮೇಲಿನ ಕ್ಯೂಆರ್ ಹಾಳೆ ಕಿತ್ತು, "ಕ್ಯಾಶ್ ಮಾತ್ರ" ಅಂತ ಬೋರ್ಡು ಹಾಕಿದವರು ಎಷ್ಟೋ ಮಂದಿ. ಬಂದ್ ಮಾತು ಎದ್ದ ಮೇಲೆ ಮುಖ್ಯಮಂತ್ರಿಗಳು ವರ್ತಕರನ್ನು ಕರೆದು, ಹಳೇ ಬಾಕಿ ಕೇಳುವುದಿಲ್ಲ ಅಂದರು.

ಟೀ ಅಂಗಡಿಯವನ ಹತ್ತು ರೂಪಾಯಿ ಜಮೆಯನ್ನು ನಾಲ್ಕು ವರ್ಷ ಹಿಂದಕ್ಕೆ ಹೋಗಿ ಎಣಿಸಬಲ್ಲ ಸರ್ಕಾರ, ಲೈಸೆನ್ಸು ಕೊಟ್ಟ ಕಂಪನಿ ನಿನ್ನೆ ಸಂಜೆ ಚಿಕ್ಕಪೇಟೆಯಲ್ಲಿ ಯಾರಿಗೆ ಯಾವ ಬೆಲೆ ಹೇಳಿತು ಎಂಬುದನ್ನು ತರಿಸಿ ನೋಡಲಾರದೇ? ಇಲ್ಲಿ ಯಂತ್ರದ ಕಷ್ಟ ಏನೂ ಇಲ್ಲ. ಪ್ರತಿ ಬಾಡಿಗೆಯ ಲೆಕ್ಕವೂ, ದೂರ, ಹೊತ್ತು, ಬೆಲೆ, ಟಿಪ್ಸ್ ಸಮೇತ, ಎಲ್ಲೋ ಒಂದು ಕಡೆ ದಾಖಲಾಗಿಯೇ ಇರುತ್ತದೆ. ಕಾಗದದ ಕಾಲದಲ್ಲಾದರೆ ಪುಸ್ತಕ ಸುಟ್ಟುಹೋಯಿತು ಅನ್ನಬಹುದಿತ್ತು.

ಮಾಡಬೇಕಾದ ಕೆಲಸವೂ ಬೆಟ್ಟದಂಥದ್ದಲ್ಲ. ತೂಕ-ಅಳತೆಯವರು ಅಂಗಡಿಗೆ ಗಿರಾಕಿಯ ವೇಷದಲ್ಲಿ ಬಂದು ಸಾಮಾನು ಕೊಂಡು ಪರೀಕ್ಷೆ ಮಾಡುವುದಿಲ್ಲವೇ? ಅದೇ ರೀತಿ ನಾಲ್ಕು ಫೋನು ಹಿಡಿದು ನಾಲ್ಕು ಜನ ಇನ್‌ಸ್ಪೆಕ್ಟರುಗಳು ಸಂಜೆ ಆರಕ್ಕೆ ಚಿಕ್ಕಪೇಟೆಯಲ್ಲಿ ನಿಲ್ಲಲಿ. ಪೊಟ್ಟಣದ ಮೇಲೆ ಗರಿಷ್ಠ ಬೆಲೆ ಅಚ್ಚು ಹಾಕಿಸಿದ ಹಾಗೆ, ಫೋನಿನ ಪರದೆಯ ಮೇಲೂ ಕಂಪನಿ ಕೇಳುವ ಬೆಲೆಯ ಪಕ್ಕದಲ್ಲೇ "ಸರ್ಕಾರಿ ಮೀಟರ್ ದರ 126" ಅಂತ ತೋರಿಸಲಿ. ಟಿಪ್ಸ್ ಎಷ್ಟು, ಬಾಡಿಗೆ ಎಷ್ಟು, ಬೇರೆ ಬೇರೆ ಬರೆದ ರಸೀದಿ ಬರಲಿ. ಜಾಸ್ತಿ ಕೊಡುವವರು ಗೊತ್ತಿದ್ದು ಕೊಡಲಿ. ಮೀಟರ್ ದರವೇ ಸಾಲದು ಅನ್ನುವ ಚಾಲಕರಿಗೂ ಆಗ ಪ್ರಾಧಿಕಾರದ ಮುಂದೆ ಹೋಗಿ ಕೇಳಲು ಒಂದು ಅಂಕಿ ಸಿಗುತ್ತದೆ: ಜನ ಹೇಗೂ ಇಷ್ಟು ಕೊಡುತ್ತಿದ್ದಾರೆ, ದರವನ್ನೇ ಪರಿಷ್ಕರಿಸಿ ಅಂತ. ಈಗ ಅವರು ಒಂದೊಂದು ಗಿರಾಕಿಯ ಜತೆ ಒಂದೊಂದು ಜಗಳ ಆಡುತ್ತಾರೆ.

ತುಮಕೂರಿನವರಿಗೆ ಇದು ದೂರದ ಊರಿನ ಸುದ್ದಿಯಲ್ಲ. ಮಾದಾವರದಿಂದ ತುಮಕೂರಿಗೆ ಮೆಟ್ರೋ ತರುವ ಮಾತು 2024ರ ರಾಜ್ಯ ಬಜೆಟ್ಟಿನಲ್ಲೇ ಬಂದಿದೆ. ರೈಲು ಬರುವುದು ಯಾವಾಗಲೋ ಏನೋ, ಫೋನಿಗೆ ಹಳಿ ಬೇಕಾಗಿಲ್ಲ, ಅದು ಆಗಲೇ ಎಲ್ಲರ ಜೇಬಿನಲ್ಲಿದೆ. ಬೆಂಗಳೂರಿನಲ್ಲಿ ಸರಿ ಅನ್ನಿಸಿಕೊಂಡ ಲೆಕ್ಕವೇ ನಾಳೆ ಬಿ.ಎಚ್. ರಸ್ತೆಯಲ್ಲೂ ನಡೆಯುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ ಇಲ್ಲೂ ಇದೆ, ವರ್ತಕರ ಸಂಘ ಇದೆ, ಆಟೋ ಚಾಲಕರ ಸಂಘ ಇದೆ. ಮೂವರೂ ಒಂದು ಸಲ ಒಂದೇ ಮೇಜಿನ ಸುತ್ತ ಕೂತು ಫೋನಿನ ಬೆಲೆಯ ಮಾತು ಎತ್ತಿದರೆ ಯಾರ ಗಂಟೂ ಹೋಗುವುದಿಲ್ಲ.

ಚಿಕ್ಕಪೇಟೆಯವರು ಅಂತೂ ಚೌಕಾಸಿ ಮುಗಿಸಿ, ಗಂಟು ಒಳಗೆ ತುರುಕಿ, ಮಂಡಿ ಮೇಲೆ ಇನ್ನೊಂದು ಗಂಟು ಇಟ್ಟುಕೊಂಡು ಗೊರಗುಂಟೆಪಾಳ್ಯದಲ್ಲಿ ಇಳಿಯುವ ಹೊತ್ತಿಗೆ ಏಳೂವರೆ. ಸಿಗ್ನಲ್ ದಾಟಿದರೆ ಊರಿನ ಬಸ್ಸು. ಬಾಗಿಲಲ್ಲಿ ನಿಂತ ಕಂಡಕ್ಟರು "ತುಮ್ಕೂರ್ ತುಮ್ಕೂರ್ ತುಮ್ಕೂರ್" ಅಂತ ಕೂಗುತ್ತಿರುತ್ತಾನೆ. ಹತ್ತಿದವರಲ್ಲಿ ಯಾರೂ ಅವನನ್ನು "ಎಷ್ಟಪ್ಪಾ?" ಅಂತ ಕೇಳುವುದಿಲ್ಲ.